‘ನ್ಯಾನೋ’ ಇಂಜೆಕ್ಷನ್ ಗಡ್ಡೆಗೆ ಮಾತ್ರ ಹೋಗುತ್ತದೆಯೇ?

ಪ್ರಶ್ನೆ: ನಮ್ಮ ಅತ್ತಿಗೆಗೆ ಸ್ತನ ಕ್ಯಾನ್ಸರ್, ಬೇರೆ ಕಡೆಗೂ ಹರಡಿದೆ. ಕಿಮೋಗೆ ಶಿವಮೊಗ್ಗಕ್ಕೆ ಹೋಗಿಬರುತ್ತಿದ್ದೇವೆ. ಈಗ ಪ್ಯಾಕ್ಲಿಟಾಕ್ಸೆಲ್ ಬದಲು ‘ನ್ಯಾನೋ’ ಬರೆದಿದ್ದಾರೆ. ಅದು ಕ್ಯಾನ್ಸರ್ ಕೋಶವನ್ನೇ ಹುಡುಕಿಕೊಂಡು ಹೋಗುತ್ತದಂತೆ, ಕೂದಲೂ ಉದುರುವುದಿಲ್ಲವಂತೆ. ನಿಜವೇ?
– ಓದುಗರು, ತೀರ್ಥಹಳ್ಳಿ

ಉತ್ತರ: ಅದು ಕ್ಯಾನ್ಸರ್ ಕೋಶವನ್ನೇ ಹುಡುಕಿಕೊಂಡು ಹೋಗುವುದಿಲ್ಲ, ಕೂದಲೂ ಉದುರುತ್ತದೆ. ಅತ್ತಿಗೆಯವರಿಗೆ ಈಗಲೇ ಹೇಳಿಬಿಡಿ.

ನಿಮಗೆ ಬರೆದಿರುವುದು ಬಹುಶಃ ಆಲ್ಬುಮಿನ್ ಪ್ರೋಟೀನಿಗೆ ಕಟ್ಟಿದ ಪ್ಯಾಕ್ಲಿಟಾಕ್ಸೆಲ್. ಕಣದ ಗಾತ್ರ ಸುಮಾರು 130 ನ್ಯಾನೋಮೀಟರ್. ಅಮೆರಿಕದಲ್ಲಿ 2005ರಲ್ಲಿ ಇದಕ್ಕೆ ಅನುಮತಿ ಸಿಕ್ಕಿತು. ಪ್ಯಾಕ್ಲಿಟಾಕ್ಸೆಲ್ ನೀರಿನಲ್ಲಿ ಕರಗುವುದಿಲ್ಲ. ಹಾಗಾಗಿ ಮಾಮೂಲಿ ಇಂಜೆಕ್ಷನ್ನಿಗೆ ಹರಳೆಣ್ಣೆಯಿಂದ ತಯಾರಾದ ದ್ರಾವಕ ಬೆರೆಸುತ್ತಾರೆ. ತೀವ್ರ ಅಲರ್ಜಿಗೆ ಮುಖ್ಯ ಕಾರಣ ಆ ದ್ರಾವಕವೇ. ಮೊದಲು ಸ್ಟಿರಾಯ್ಡ್ ಕೊಟ್ಟು, 3 ತಾಸು ಡ್ರಿಪ್ ಹಾಕುವುದು ಅದಕ್ಕೇ. ಆಲ್ಬುಮಿನ್ ಇದ್ದರೆ ದ್ರಾವಕ ಬೇಡ, 30 ನಿಮಿಷಕ್ಕೆ ಮುಗಿಯುತ್ತದೆ. ದೊಡ್ಡ ಲಾಭ ಅದು.

ಎರಡರ ಡೋಸ್ ಬೇರೆ. ಮೂರು ವಾರಕ್ಕೊಮ್ಮೆ ಕೊಡುವಾಗ ಮಾಮೂಲಿಯದು ದೇಹದ ಹೊರಮೈಯ ಪ್ರತಿ ಚದರ ಮೀಟರಿಗೆ 175 ಮಿಲಿಗ್ರಾಂ, ಇದು 260. ಹೊರಮೈ 1.5 ಚದರ ಮೀಟರ್ ಇದ್ದವರಿಗೆ 390 ಮಿಲಿಗ್ರಾಂ, ಅಂದರೆ 100ರ ನಾಲ್ಕು ಸೀಸೆ. ಬಿಲ್ಲಿನಲ್ಲಿ ಪೂರ್ತಿ ಹೆಸರು ನೋಡಿಕೊಳ್ಳಿ. ಸೀಸೆಯ ಪುಡಿಗೆ 20 ಮಿ.ಲೀ. ಸಲೈನನ್ನು ಒಳಗೋಡೆಗುಂಟ ನಿಧಾನವಾಗಿ, ಒಂದು ನಿಮಿಷವಾದರೂ ತೆಗೆದುಕೊಂಡು ಬಿಡಬೇಕು. ಪುಡಿಯ ಮೇಲೇ ರಭಸದಿಂದ ಬಿಟ್ಟರೆ ನೊರೆ ಬರುತ್ತದೆ. ನೊರೆ ಇಳಿಯಲು ಕಾಲು ಗಂಟೆ ಕಾಯಬೇಕಾಗುತ್ತದೆ. ನರ್ಸ್ ತಡಮಾಡುತ್ತಿದ್ದಾರೆ ಎಂದು ಅವಸರ ಮಾಡಬೇಡಿ.

ಬಿಳಿರಕ್ತಕಣ ಇದರಲ್ಲೂ ಇಳಿಯುತ್ತದೆ. ಅವುಗಳಲ್ಲಿ ಸೋಂಕು ತಡೆಯುವ ನ್ಯೂಟ್ರೋಫಿಲ್ 1,500ಕ್ಕಿಂತ ಕಡಿಮೆ ಇದ್ದರೆ ಆ ದಿನ ಕಿಮೋ ಮುಂದೂಡುತ್ತಾರೆ. ಮನೆಯಲ್ಲಿ ಜ್ವರ 100.4 ಡಿಗ್ರಿ ದಾಟಿದರೆ ಕಷಾಯ ಕುಡಿಸಿ, ಪ್ಯಾರಾಸಿಟಮಾಲ್ ಕೊಟ್ಟು ಬೆಳಗಿನವರೆಗೆ ಕಾಯುವುದು ಬೇಡವೇ ಬೇಡ, ರಾತ್ರಿಯಾದರೂ ಆಸ್ಪತ್ರೆಗೆ ಹೊರಡಿ. ಮಲೆನಾಡಿನ ಬೇಸಿಗೆಯ ಜ್ವರವೆಂದರೆ ಮಂಗನ ಕಾಯಿಲೆಯೂ ಇರಬಹುದು. ‘ಕಿಮೋ ನಡೀತಿದೆ, ಕಾಡಂಚಿನ ಮನೆ’ ಎಂದು ಎರಡನ್ನೂ ಹೇಳಿ. ಅಂಗಿಯ ಗುಂಡಿ ಹಾಕಲಾಗದಷ್ಟು ಬೆರಳು ಜೋಮು ಹಿಡಿದರೆ ಅದನ್ನೂ ಮುಚ್ಚಿಡಬಾರದು, ಡೋಸ್ ಇಳಿಸಬೇಕಾಗಬಹುದು.

ಪ್ರಶ್ನೆ: ಕಣದ ಮೇಲೆ ಹರ್-2 ಪ್ರತಿಕಾಯ ಅಂಟಿಸಿದರೆ ನೇರ ಕ್ಯಾನ್ಸರ್ ಕೋಶಕ್ಕೇ ಹೋಗಬೇಕಲ್ಲವೇ?
– ವಿದ್ಯಾರ್ಥಿನಿ, ಸಾಗರ

ಉತ್ತರ: ಹರ್-2 ಎಂದರೆ ಕೆಲವು ಸ್ತನ ಕ್ಯಾನ್ಸರ್ ಕೋಶಗಳ ಮೈಮೇಲೆ ಹೆಚ್ಚಾಗಿರುವ ಪ್ರೋಟೀನ್; ಅದನ್ನು ಗುರುತಿಸಿ ಅಂಟಿಕೊಳ್ಳುವುದು ಪ್ರತಿಕಾಯ. ಅಡಿಕೆ ಗೊನೆಗೆ ಬೋರ್ಡೋ ದ್ರಾವಣ ಹೊಡೆಯುವಾಗ ಅಂಟು ಎಷ್ಟೇ ಒಳ್ಳೆಯದಿರಲಿ, ಹನಿ ಗೊನೆಯವರೆಗೆ ಏರಿದರೆ ತಾನೇ ಅಂಟುವುದು? ಪ್ರತಿಕಾಯವೂ ಹಾಗೆಯೇ, ಕೋಶದ ಪಕ್ಕಕ್ಕೆ ತಲುಪಿದ ಮೇಲಷ್ಟೇ ಹಿಡಿದುಕೊಳ್ಳುತ್ತದೆ. ರಕ್ತಕ್ಕೆ ಬಿದ್ದೊಡನೆ ಪ್ರೋಟೀನುಗಳು ಕಣಕ್ಕೆ ಮೆತ್ತಿಕೊಂಡು ಪ್ರತಿಕಾಯವನ್ನು ಮರೆಮಾಡುತ್ತವೆ. ಯಕೃತ್ತು, ಗುಲ್ಮ ಹೆಚ್ಚಿನ ಪಾಲನ್ನು ಸೋಸಿಬಿಡುತ್ತವೆ. ಹತ್ತು ವರ್ಷಗಳ ಪ್ರಾಣಿ ಪ್ರಯೋಗಗಳನ್ನು ಒಟ್ಟುಮಾಡಿದ 2016ರ ಒಂದು ವಿಶ್ಲೇಷಣೆಯಲ್ಲಿ ಗಡ್ಡೆ ತಲುಪಿದ್ದು ಕೊಟ್ಟ ಡೋಸಿನ ಶೇ. 0.7 ಮಾತ್ರ. ಹರ್-2 ಗುರಿಯಿಟ್ಟ ಲೈಪೋಸೋಮ್ (ಔಷಧಿ ತುಂಬಿದ ಕೊಬ್ಬಿನ ಸಣ್ಣ ಗುಳ್ಳೆ) ಎಂಎಂ-302ರ ಪ್ರಯೋಗವೂ ಹೆಚ್ಚಿನ ಲಾಭ ಕಾಣದೆ ಅದೇ ವರ್ಷ ನಿಂತಿತು.

ಇಂದು ಆಸ್ಪತ್ರೆಗಳಲ್ಲಿ ಗುರಿ ಮುಟ್ಟುತ್ತಿರುವುದು ಇನ್ನೂ ಚಿಕ್ಕ ಜೋಡಿ: ಒಂದೇ ಪ್ರತಿಕಾಯಕ್ಕೆ ನೇರವಾಗಿ ಔಷಧಿ ಪೋಣಿಸಿದ್ದು. ಟ್ರಾಸ್ಟುಜುಮ್ಯಾಬ್ ಡೆರುಕ್ಸ್‌ಟೆಕ್ಯಾನ್‌ನಲ್ಲಿ ಪ್ರತಿಕಾಯವೊಂದಕ್ಕೆ ಸುಮಾರು 8 ಔಷಧಿ ಅಣುಗಳಿವೆ. ಕೋಶ ಅದನ್ನು ನುಂಗಿ, ತನ್ನೊಳಗಿನ ಜೀರ್ಣಚೀಲವಾದ ಲೈಸೋಸೋಮಿನಲ್ಲಿ ಕೊಂಡಿ ಕತ್ತರಿಸಿದಾಗ ಔಷಧಿ ಬಿಡುಗಡೆಯಾಗುತ್ತದೆ. ಇದು ಸಿಗಬೇಕಾದರೆ ಬಯಾಪ್ಸಿಯ ಹರ್-2 ರಿಪೋರ್ಟ್ ಬೇಕು. ಅದರಲ್ಲಿ 2+ (ಖಚಿತವಾಗಿ ಹೇಳಲಾಗದು) ಎಂದಿದ್ದರೆ ಹರ್-2 ಜೀನಿನ ಪ್ರತಿಗಳನ್ನು ಎಣಿಸುವ ಫಿಶ್ ಪರೀಕ್ಷೆ ಆಗಿದೆಯೇ ಎಂದು ಕೇಳಬೇಕು. ತೀರ್ಥಹಳ್ಳಿಯವರೂ ಅತ್ತಿಗೆಯ ಫೈಲ್ ತೆಗೆದು ನೋಡಿ.