ಸ್ಕ್ರಮ್ ಕಿತ್ತುಹಾಕಿ ಎಂದವರಿಗೆ

ಸಂಪಾದಕರ ಉತ್ತರ

(ಹಿಂದಿನ ಸಂಚಿಕೆಯ ರಗ್ಬಿ ಲೇಖನ ಓದಿ ಮೂಡಿಗೆರೆ ಕಡೆಯ ಹಿರಿಯ ಬೆಳೆಗಾರರೊಬ್ಬರು ಉದ್ದನೆಯ ಪತ್ರ ಬರೆದಿದ್ದಾರೆ. ಅವರ ಮಗಳ ಮಗ ನ್ಯೂಜಿಲೆಂಡಿನಲ್ಲಿ ಹೈಸ್ಕೂಲು ಓದುತ್ತಿದ್ದಾನೆ, ಶಾಲಾ ತಂಡದಲ್ಲಿ ಪ್ರಾಪ್, ಅಂದರೆ ಸ್ಕ್ರಮ್ಮಿನ ಮುಂದಿನ ಸಾಲಿನವನು. ಎರಡೂ ತಂಡದ ಎಂಟೆಂಟು ಮಂದಿ ಬಗ್ಗಿ, ಒಬ್ಬರನ್ನೊಬ್ಬರು ಹಿಡಿದುಕೊಂಡು, ನಡುವೆ ಹಾಕಿದ ಚೆಂಡಿಗಾಗಿ ಎದುರಾಬದುರಾ ತಳ್ಳುವುದೇ ಸ್ಕ್ರಮ್. ಅವನ ಆಟವನ್ನು ವಿಡಿಯೊದಲ್ಲಿ ನೋಡಿದ ಮೇಲೆ ಅವರಿಗೆ ನಿದ್ದೆ ಇಲ್ಲ. "ಎಂಟೆಂಟು ಜನ ಟಗರುಗಳ ಹಾಗೆ ಗುದ್ದಿಕೊಳ್ಳುವುದನ್ನು ಆಟ ಅನ್ನುತ್ತೀರಾ? ಸ್ಕ್ರಮ್ಮನ್ನು ರಗ್ಬಿಯಿಂದಲೇ ಕಿತ್ತುಹಾಕಬೇಕು. ಈ ಆಟ ನಮ್ಮ ಜಿಲ್ಲೆಯ ಶಾಲೆಗಳಿಗೆ ಬಾರದಂತೆ ಇಲಾಖೆಗೆ ನೀವೇ ಬರೆಯಿರಿ" ಎಂಬುದು ಪತ್ರದ ತಿರುಳು.)

ಮಾನ್ಯರೇ,

ನಿಮ್ಮ ಹೆದರಿಕೆ ಸುಳ್ಳಲ್ಲ. ಆದರೆ ಟಗರುಗಳ ಮಾತು ಒಪ್ಪಲಾರೆ. ಟಗರು ತಲೆಗೆ ತಲೆ ಕೊಡುತ್ತದೆ. ಸ್ಕ್ರಮ್ಮಿನಲ್ಲಿ ಒಬ್ಬನ ತಲೆ ಎದುರಾಳಿಯ ತಲೆಯ ಪಕ್ಕದಲ್ಲಿ ಸೇರಿಕೊಳ್ಳುತ್ತದೆ, ಭುಜಕ್ಕೆ ಭುಜ ತಾಗುತ್ತದೆ. ತಲೆ ಆ ಸಂದಿನಲ್ಲಿ ಸರಿಯಾಗಿ ಕೂರದಿದ್ದರೆ, ಅಥವಾ ಕೂತ ಮೇಲೆ ಇಡೀ ಗುಂಪು ನೆಲಕ್ಕೆ ಕುಸಿದರೆ, ಆಗಲೇ ಅನಾಹುತ.

ನಿಮ್ಮ ಮೊಮ್ಮಗ ನಿಲ್ಲುವುದು ಮುಂದಿನ ಸಾಲಿನಲ್ಲಿ. ಅಲ್ಲಿ ಮೂವರು: ನಡುವೆ ಹುಕರ್, ಆಚೀಚೆ ಇಬ್ಬರು ಪ್ರಾಪ್. ಪಕ್ಕದವನನ್ನೂ ಎದುರಿನವನನ್ನೂ ಹಿಡಿದುಕೊಳ್ಳುವುದರಲ್ಲೇ ಅವರ ಕೈಗಳು ಮುಗಿದುಹೋಗಿರುತ್ತವೆ. ಬಿದ್ದರೆ ನೆಲಕ್ಕೆ ಊರಲು ಕೈ ಇಲ್ಲ. ಹಿಂದಿನ ಐವರಿಗೆ ಮುಂದೆ ಏನಾಯಿತು ಎಂದು ಕಾಣುವುದಿಲ್ಲ, ಅವರು ತಳ್ಳುತ್ತಲೇ ಇರುತ್ತಾರೆ. ನೇರ ನಿಂತಾಗ ಕುತ್ತಿಗೆಗೆ ಸಹಜವಾದ ಒಂದು ಬಾಗು ಇರುತ್ತದೆ, ಭಾರ ತಡೆಯುವುದು ಅದೇ. ತಲೆ ಎದೆಯ ಕಡೆ ಬಗ್ಗಿದಾಗ ಆ ಬಾಗು ನೆಟ್ಟಗಾಗುತ್ತದೆ, ಹಿಂದಿನಿಂದ ಬಂದ ಒತ್ತಡ ಒಂದರ ಮೇಲೊಂದು ಕೂತ ಮೂಳೆಗಳ ಮೇಲೆ ನೇರವಾಗಿ ಬೀಳುತ್ತದೆ. ಒಂದು ಮೂಳೆ ಜಾರಿ ಬೆನ್ನುಹುರಿಯನ್ನು ಒತ್ತಿದರೆ ಕೈಕಾಲು ಎರಡೂ ಹೋಗಬಹುದು. ಸ್ಕ್ರಮ್ಮಿನಲ್ಲಿ ಭುಜ ಎಂದೂ ಸೊಂಟಕ್ಕಿಂತ ಕೆಳಗಿರಬಾರದು ಎಂಬ ನಿಯಮ ಹುಟ್ಟಿದ್ದು ಇದಕ್ಕೇ.

ಆಟದವರು ಇದನ್ನು ಕಂಡೂ ಸುಮ್ಮನಿರಲಿಲ್ಲ. ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದವರು ಅಳೆದು ನೋಡಿದಾಗ ಅಂತರರಾಷ್ಟ್ರೀಯ ಮಟ್ಟದ ಪುರುಷರ ತಂಡವೊಂದು ಡಿಕ್ಕಿಯ ಗಳಿಗೆಯಲ್ಲಿ ಒಂದೂವರೆ ಟನ್‌ಗೂ ಮಿಕ್ಕಿ ಬಲ ಹಾಕುತ್ತಿತ್ತು. ಆಗ ಎರಡೂ ಗುಂಪು ದೂರ ನಿಂತು, ರೆಫರಿ ಕೂಗಿದೊಡನೆ ನುಗ್ಗಿ ಢಿಕ್ಕಿ ಹೊಡೆಯುತ್ತಿದ್ದವು. 2013ರಲ್ಲಿ ಕ್ರಮ ಬದಲಾಯಿತು. ಈಗ ರೆಫರಿ ಹೇಳುವುದು ಮೂರೇ ಮಾತು: ಕ್ರೌಚ್, ಬೈಂಡ್, ಸೆಟ್. ಬಗ್ಗು, ಎದುರಿನ ಪ್ರಾಪ್‌ನ ಜೆರ್ಸಿ ಹಿಡಿ, ಆಮೇಲೆ ಸೇರು. ಮೊದಲೇ ಹಿಡಿದುಕೊಂಡಿರುವುದರಿಂದ ನುಗ್ಗಲು ದೂರವೇ ಉಳಿಯುವುದಿಲ್ಲ. ಡಿಕ್ಕಿಯ ಬಲ ಸುಮಾರು ಕಾಲು ಭಾಗ ಇಳಿಯಿತು. ಸೇರುವ ಮೊದಲೇ ಎದುರಾಳಿಯ ಭುಜದ ಮೇಲೆ ತಲೆ ಊರಿ ಭಾರ ಬಿಡುವ ಚಾಳಿಯೂ ಒಂದಿತ್ತು. ಅದನ್ನೂ ಆಮೇಲೆ ನಿಷೇಧಿಸಿದರು.

ನಿಮ್ಮ ಮೊಮ್ಮಗನಿರುವ ದೇಶದ್ದೇ ಲೆಕ್ಕ ಕೇಳಿ. ನ್ಯೂಜಿಲೆಂಡಿನಲ್ಲಿ 2001ರಿಂದ ಕೋಚ್‌ಗಳಿಗೂ ರೆಫರಿಗಳಿಗೂ 'ರಗ್ಬಿಸ್ಮಾರ್ಟ್' ಎಂಬ ಸುರಕ್ಷತಾ ತರಬೇತಿ ಪ್ರತಿವರ್ಷ ಕಡ್ಡಾಯ. ಹಿಂದಿನ ವರ್ಷಗಳ ಪ್ರಕಾರ ನೋಡಿದರೆ 2001ರಿಂದ 2005ರೊಳಗೆ ಸ್ಕ್ರಮ್ಮಿನಿಂದ ಅಂಗವೈಕಲ್ಯ ತರುವಂಥ ಬೆನ್ನುಹುರಿಯ ಗಾಯ ಒಂಬತ್ತು ಆಗಬೇಕಿತ್ತು. ಆದದ್ದು ಒಂದು. ಆ ಒಂದು ಮನೆಗೆ ಈ ಲೆಕ್ಕದಿಂದ ಏನೂ ಸಮಾಧಾನವಿಲ್ಲ, ಗೊತ್ತು. ಆದರೆ ಅಪಾಯ ಸ್ಕ್ರಮ್ಮಿನ ಹಣೆಬರಹವಲ್ಲ, ಕಲಿಸುವವನ ಕೈಯಲ್ಲಿದೆ ಎಂದು ನಾನು ನಂಬುವುದು ಇದರಿಂದಲೇ.

ಕಲಿಸಿದರೆ ಸಾಲದು, ಸೀಟಿ ಊದುವವನೂ ಸರಿಯಿರಬೇಕು. 1991ರಲ್ಲಿ ಇಂಗ್ಲೆಂಡಿನ ಕಿರಿಯರ ಪಂದ್ಯವೊಂದರಲ್ಲಿ ಸ್ಕ್ರಮ್ ಮತ್ತೆ ಮತ್ತೆ ಕುಸಿಯುತ್ತಿತ್ತು. ಕಿರಿಯರು ಹಂತಹಂತವಾಗಿ ಸೇರಬೇಕೆಂಬ ನಿಯಮ ಆಗಲೇ ಇತ್ತು, ರೆಫರಿ ಅದನ್ನು ಪಾಲಿಸಲಿಲ್ಲ. ಕೊನೆಗೊಂದು ಕುಸಿತದಲ್ಲಿ ಬೆನ್ ಸ್ಮೋಲ್ಡನ್ ಎಂಬ ಹದಿಹರೆಯದ ಹುಕರ್‌ನ ಕುತ್ತಿಗೆ ಮುರಿಯಿತು. ರೆಫರಿ ತನ್ನ ಕರ್ತವ್ಯದಲ್ಲಿ ತಪ್ಪಿದ್ದಾನೆ ಎಂದು ಹೈಕೋರ್ಟು ಹೇಳಿತು, 1996ರ ಕೊನೆಗೆ ಮೇಲ್ಮನವಿ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ಸ್ಕ್ರಮ್ಮಿನ ಮೇಲೆ ಕಣ್ಣಿಡುವುದು ರೆಫರಿಯ ದಾಕ್ಷಿಣ್ಯವಲ್ಲ, ಹೊಣೆ ಎಂದು ಆಮೇಲೆ ಯಾರಿಗೂ ಬಿಡಿಸಿ ಹೇಳಬೇಕಾಗಲಿಲ್ಲ.

ಇಷ್ಟೆಲ್ಲ ರಗಳೆ ಯಾಕೆ, ತೆಗೆದೇಬಿಡಿ ಅನ್ನುತ್ತೀರಿ. ತೆಗೆದರೆ ಏನಾಗುತ್ತದೆ ನೋಡಿ. ರಗ್ಬಿಯ ಗಾಯಗಳಲ್ಲಿ ಸುಮಾರು ಅರ್ಧ ಆಗುವುದು ಟ್ಯಾಕಲ್‌ನಲ್ಲಿ, ಅಂದರೆ ಓಡುತ್ತಿರುವವನನ್ನು ಕೆಡವುವಾಗ. ಸ್ಕ್ರಮ್ಮಿನ ಪಾಲು ಸಣ್ಣದು. ಅಪರೂಪಕ್ಕೆ ಆದರೂ ಭೀಕರವಾಗಿ ಆಗುತ್ತದೆ ಎಂಬುದೇ ಅದರ ಕೆಟ್ಟ ಹೆಸರಿಗೆ ಕಾರಣ. ಸ್ಕ್ರಮ್ ನಡೆಯುವಷ್ಟು ಹೊತ್ತು ಹದಿನಾರು ದಢೂತಿ ಆಳುಗಳು ಒಂದೇ ಜಾಗದಲ್ಲಿ ಕಟ್ಟಿಬಿದ್ದಿರುತ್ತಾರೆ, ಉಳಿದವರಿಗೆ ಓಡಲು ಮೈದಾನ ಸಿಗುತ್ತದೆ. ಅದಿಲ್ಲದಿದ್ದರೆ ಆ ಹದಿನಾರೂ ಮಂದಿ ಅಡ್ಡಸಾಲಿನಲ್ಲಿ ಹರಡಿ ನಿಲ್ಲುತ್ತಾರೆ, ಚೆಂಡು ಹಿಡಿದವನು ಎಲ್ಲಿ ಓಡಿದರೂ ಒಂದು ಕ್ವಿಂಟಾಲ್ ತೂಕದವನಿಗೆ ಡಿಕ್ಕಿ ಹೊಡೆಯುತ್ತಾನೆ. ಕುತ್ತಿಗೆ ಉಳಿಸಲು ಹೋಗಿ ಮಿದುಳಿಗೆ ಪೆಟ್ಟು ಹೆಚ್ಚಿಸಿದ ಹಾಗಾದೀತು ಎಂಬುದು ನನ್ನ ಅನುಮಾನ. ಇನ್ನೊಂದು ವಿಷಯವೂ ಇದೆ, ನೀವು ಒಪ್ಪುತ್ತೀರೋ ಇಲ್ಲವೋ: ಓಟದಲ್ಲಿ ಹಿಂದೆ ಬೀಳುವ ದಪ್ಪ ಹುಡುಗನನ್ನು ಮೊದಲ ಆಯ್ಕೆಯಾಗಿ ಕರೆಯುವ ಆಟಗಳು ಬಹಳ ಇಲ್ಲ. ನಿಮ್ಮ ಮೊಮ್ಮಗ ತಂಡದಲ್ಲಿರುವುದೇ ಸ್ಕ್ರಮ್ ಇರುವುದರಿಂದ.

ಇನ್ನು ನಮ್ಮ ಜಿಲ್ಲೆಯ ಮಾತು. ಇಲ್ಲಿ ನಾನು ಮುಕ್ಕಾಲುಪಾಲು ನಿಮ್ಮ ಕಡೆ.

ಬೆನ್ನುಹುರಿಯ ಪೆಟ್ಟು ಅಂದರೇನು ಎಂದು ಮಲೆನಾಡಿನವರಿಗೆ ರಗ್ಬಿ ಕಲಿಸಬೇಕಿಲ್ಲ. ಕಾಳುಮೆಣಸಿನ ಕೊಯ್ಲು ಬಂತೆಂದರೆ ಸಿಲ್ವರ್ ಮರಕ್ಕೆ ಒರಗಿಸಿದ ಏಣಿ ಜಾರಿ ಬಿದ್ದವರ ಸುದ್ದಿ ಬರುತ್ತದೆ. ಬಿದ್ದವನನ್ನು ಎತ್ತುವ ರೀತಿಯೂ ನಿಮಗೆ ಗೊತ್ತು. ಒಬ್ಬ ಕಂಕುಳಿಗೆ ಕೈ ಹಾಕುತ್ತಾನೆ, ಇನ್ನೊಬ್ಬ ಕಾಲು ಹಿಡಿಯುತ್ತಾನೆ, ತಲೆ ಹಿಂದಕ್ಕೆ ಜೋತುಬಿದ್ದಿರುತ್ತದೆ, ಹಾಗೇ ಪಿಕಪ್ಪಿನ ಹಿಂಬದಿಗೆ. "ಮೊದಲು ನೀರು ಕುಡಿಸಿ" ಎಂದು ಮೂರನೆಯವನು ಕತ್ತೆತ್ತಿಸುತ್ತಾನೆ. ಬಿದ್ದಾಗ ಆಗದ ಹಾನಿ ಎಷ್ಟೋ ಸಲ ಆ ಎತ್ತುವಿಕೆಯಲ್ಲಿ ಆಗುತ್ತದೆ. ಕುತ್ತಿಗೆಗೆ ಕಾಲರ್, ಅಡಿಗೊಂದು ಹಲಗೆ, ತಲೆಯನ್ನು ಎರಡೂ ಕೈಯಲ್ಲಿ ಅಲುಗಾಡದಂತೆ ಹಿಡಿಯಬಲ್ಲ ಒಬ್ಬ ಮನುಷ್ಯ: ಇಷ್ಟಿಲ್ಲದ ಮೈದಾನದಲ್ಲಿ ತಳ್ಳಾಟದ ಸ್ಕ್ರಮ್ ನಡೆಸುವುದು ಶುದ್ಧ ಹುಂಬತನ. ಆಮೇಲೆ ಚಾರ್ಮಾಡಿ ಘಾಟಿ ಇಳಿಸಿ ಮಂಗಳೂರಿಗೆ ಸಾಗಿಸುವ ಹೊತ್ತಿಗೆ ಏನೇನಾಗಬಹುದು ಎಂದು ನಾನು ಬಿಡಿಸಿ ಬರೆಯುವುದಿಲ್ಲ.

ಆದರೆ ಸ್ಕ್ರಮ್ ಹೋಗಬೇಕಾದರೆ ರಗ್ಬಿಯೇ ಹೋಗಬೇಕೆಂದಿಲ್ಲ. 2025ರ ಜೂನ್‌ನಲ್ಲಿ ಮುಂಬಯಿಯಲ್ಲಿ ನಡೆದ ರಗ್ಬಿ ಪ್ರೀಮಿಯರ್ ಲೀಗ್‌ನಲ್ಲಿ ಬೆಂಗಳೂರಿನ ತಂಡವೂ ಆಡಿತಲ್ಲ, ಅದು ಏಳೇಳು ಜನರ ಸೆವೆನ್ಸ್. ಅದರ ಸ್ಕ್ರಮ್ಮಿನಲ್ಲಿ ಇರುವುದು ಒಂದೊಂದು ಕಡೆ ಮೂವರು, ಹಿಂದಿನಿಂದ ಹೇರುವ ಭಾರವೇ ಇಲ್ಲ. ಹದಿನೈದು ಜನರ ಆಟದಲ್ಲೂ ತರಬೇತಾದ ಮುಂದಿನ ಸಾಲು ಇಲ್ಲದಿದ್ದರೆ ತಳ್ಳದೆ ಸುಮ್ಮನೆ ಸೇರಿ, ಚೆಂಡು ಹಾಕಿದ ತಂಡಕ್ಕೇ ಚೆಂಡು ಬಿಡಬೇಕು ಎಂಬ ನಿಯಮವಿದೆ. ಹತ್ತೊಂಬತ್ತರ ಒಳಗಿನವರು ತಳ್ಳಿದರೂ ಒಂದೂವರೆ ಮೀಟರಿಗಿಂತ ಹೆಚ್ಚು ತಳ್ಳುವಂತಿಲ್ಲ.

ಹುಡುಗನಿಗೆ ಫೋನ್ ಮಾಡಿದಾಗ 'ಆ ಆಟ ಬಿಡು' ಅನ್ನಬೇಡಿ, ಅವನು ಬಿಡುವುದಿಲ್ಲ, ನಿಮಗೆ ಹೇಳುವುದನ್ನು ಬಿಡುತ್ತಾನೆ. ಕುತ್ತಿಗೆಗೆ ಏನು ವ್ಯಾಯಾಮ ಮಾಡಿಸುತ್ತಾರೆ, ಎದುರಿಗೆ ನಿಲ್ಲುವವರು ಅವನ ವಯಸ್ಸಿನವರೇನಾ, ಸ್ಕ್ರಮ್ ಕುಸಿದಾಗ ರೆಫರಿ ತಕ್ಷಣ ಸೀಟಿ ಊದುತ್ತಾರಾ ಎಂದು ಕೇಳಿ. ಸರಿಯಾದ ಉತ್ತರ ಬರದಿದ್ದರೆ ಮಗಳಿಗೆ ಹೇಳಿ, ಅವರು ಕೋಚನ್ನು ಕೇಳಲಿ. ಅಲ್ಲಿ ಹಾಗೆ ಕೇಳುವುದು ತಂದೆತಾಯಿಯ ಹಕ್ಕು.

ಆಟವೇ ಬಾರದಂತೆ ಮಾಡಿ ಎಂದು ಇಲಾಖೆಗೆ ನಾನು ಬರೆಯುವುದಿಲ್ಲ. ತರಬೇತಾದ ಕೋಚ್, ರೆಫರಿ ಮತ್ತು ಬದಿಯಲ್ಲಿ ಆಂಬುಲೆನ್ಸ್ ಇಲ್ಲದ ಕಡೆ ಶಾಲಾ ಮಕ್ಕಳಿಂದ ತಳ್ಳಾಟದ ಸ್ಕ್ರಮ್ ಮಾಡಿಸಬಾರದು, ಸೆವೆನ್ಸ್ ಸಾಕು ಎಂದು ಬರೆಯುತ್ತೇನೆ. ಕರಡು ಈ ಪತ್ರದ ಜೊತೆ ಲಕೋಟೆಯಲ್ಲಿದೆ. ನಿಮಗೆ ಒಪ್ಪಿಗೆಯಾದರೆ ಕೆಳಗೆ ಸಹಿ ಹಾಕಿ ಕಳಿಸಿ.