ಸಿಬೋಸ್ ಅಂದರೆ ಏನು? ದಾವಣಗೆರೆಯಲ್ಲಿ ಎಂ.ಕಾಂ ಓದುವವರಿಗೆ ಅದರಿಂದ ಏನಾದರೂ ಉಪಯೋಗ ಇದೆಯಾ?

ಮೊದಲೇ ಹೇಳಿಬಿಡುತ್ತೇನೆ, ನಾನು ಸಿಬೋಸ್‌ಗೆ ಹೋದವನಲ್ಲ. ದಾವಣಗೆರೆಯ ಒಂದು ಬ್ಯಾಂಕ್ ಶಾಖೆಯಲ್ಲಿ ಹೊರದೇಶದಿಂದ ಬರುವ ಹಣದ ಕೆಲಸ ನೋಡಿಕೊಳ್ಳುತ್ತಿದ್ದೆ, ಅಷ್ಟೇ. ಆದರೆ ಅಲ್ಲಿ ವರ್ಷಗಟ್ಟಲೆ ಚರ್ಚೆಯಾದದ್ದು ಕೊನೆಗೆ ನನ್ನ ಟೇಬಲ್‌ಗೇ ಬಂದು ಬೀಳುತ್ತಿತ್ತು.

ಸಿಬೋಸ್ ಅಂದರೆ ಸ್ವಿಫ್ಟ್ ಸಂಸ್ಥೆ ವರ್ಷಕ್ಕೊಮ್ಮೆ ನಡೆಸುವ ಬ್ಯಾಂಕಿನವರ ಜಾತ್ರೆ. 1978ರಲ್ಲಿ ಶುರುವಾಯಿತು. ನಾಲ್ಕು ದಿನ ಭಾಷಣ, ಮಳಿಗೆ, ಮೀಟಿಂಗು. ಪ್ರತಿ ವರ್ಷ ಬೇರೆ ಊರು: 2023ರಲ್ಲಿ ಟೊರಾಂಟೊ, 2024ರಲ್ಲಿ ಬೀಜಿಂಗ್, 2025ರಲ್ಲಿ ಫ್ರಾಂಕ್‌ಫರ್ಟ್, 2026ರದ್ದು ಮಿಯಾಮಿ ಪಾಲು. ಕೊರೊನಾ ಇದ್ದ ಎರಡು ವರ್ಷ ಆನ್‌ಲೈನ್‌ನಲ್ಲೇ ಮುಗಿಸಿದರು.

ಸ್ವಿಫ್ಟ್ ಗೊತ್ತಾಗದೆ ಇದು ಅರ್ಥವಾಗಲ್ಲ. ಅದು 1973ರಲ್ಲಿ ಬೆಲ್ಜಿಯಂನಲ್ಲಿ ಹುಟ್ಟಿದ, ಬ್ಯಾಂಕುಗಳೇ ಒಡೆಯರಾಗಿರುವ ಸಹಕಾರಿ ಸಂಸ್ಥೆ. ಜನ ಅಂದುಕೊಳ್ಳೋ ಹಾಗೆ ಅದು ಹಣ ಸಾಗಿಸುವುದಿಲ್ಲ, ಚೀಟಿ ಸಾಗಿಸುತ್ತದೆ. ನಮ್ಮ ಎಪಿಎಂಸಿಯಲ್ಲಿ ಒಬ್ಬ ದಲಾಲರು ಇನ್ನೊಬ್ಬರಿಗೆ "ಈ ಮನುಷ್ಯನಿಗೆ ಇಷ್ಟು ಕೊಡಿ, ನನ್ನ ಲೆಕ್ಕಕ್ಕೆ ಬರೆದುಕೊಳ್ಳಿ" ಅಂತ ಚೀಟಿ ಕಳಿಸಿದರೆ ಹೇಗೋ ಹಾಗೆ. 200ಕ್ಕೂ ಹೆಚ್ಚು ದೇಶಗಳ 11,000ಕ್ಕೂ ಹೆಚ್ಚು ಸಂಸ್ಥೆಗಳು ಇದರಲ್ಲಿವೆ. ಚೀಟಿ ಬರೆಯುವ ರೀತಿ ಎಲ್ಲರದೂ ಒಂದೇ ಇರಬೇಕಲ್ವಾ? ಸಿಬೋಸ್‌ನಲ್ಲಿ ಮತ್ತೆ ಮತ್ತೆ ಬರುವ ಮಾತು ಇದೇ.

ಈ ಚೀಟಿ ನನಗೆ ಕೊಟ್ಟ ತಲೆನೋವು ಕೇಳಿ. ವಿದ್ಯಾನಗರದ ಒಬ್ಬ ಹಿರಿಯರಿಗೆ ದುಬೈನಲ್ಲಿದ್ದ ಮಗ ದುಡ್ಡು ಕಳಿಸಿದ್ದ. ಪಾಸ್‌ಬುಕ್ಕಿನಲ್ಲಿ ಇನಿಷಿಯಲ್ ಮುಂದೆ, ಬಂದ ಸಂದೇಶದಲ್ಲಿ ಅದನ್ನೇ ಬಿಡಿಸಿ ಹಿಂದೆ ಹಾಕಿದ್ದರು, ಅದೂ ಅರ್ಧಕ್ಕೆ ಕತ್ತರಿಸಿಹೋಗಿತ್ತು, ಯಾಕೆಂದರೆ ಎಂಟಿ103 ಅನ್ನೋ ಹಳೆಯ ಸ್ವಿಫ್ಟ್ ಪಾವತಿ ಸಂದೇಶದಲ್ಲಿ ಹಣ ಪಡೆಯುವವರ ಹೆಸರು ವಿಳಾಸಕ್ಕೆ ಸೇರಿ ಇರುವುದೇ ನಾಲ್ಕು ಸಾಲು, ಸಾಲಿಗೆ 35 ಅಕ್ಷರ. ಅಪ್ಪನ ಹೆಸರು, ಮನೆತನದ ಹೆಸರು, ಕ್ರಾಸು, ಮೇನು, ಊರು ಎಲ್ಲಾ ಅದರಲ್ಲೇ ತುರುಕಬೇಕು. ಸಾಲದ್ದಕ್ಕೆ ನಮ್ಮ ಊರಿನ ಹೆಸರನ್ನೇ ಇಂಗ್ಲಿಷಿನಲ್ಲಿ ನಡುವೆ ಒಂದು 'ಎ' ಹಾಕಿ ಕೆಲವರು, ಹಾಕದೆ ಕೆಲವರು ಬರೆಯುತ್ತಾರೆ. ಹೆಸರು ಹೊಂದಲಿಲ್ಲ, ದುಡ್ಡು ಆರು ದಿನ ನೇತಾಡಿತು. ಅವರು ದಿನಾ ಬೆಳಗ್ಗೆ ಬಂದು ಎದುರಿನ ಬೆಂಚಿನ ಮೇಲೆ ಸುಮ್ನೆ ಕೂರುತ್ತಿದ್ದರು. ಬೈದಿದ್ದರೆ ಎಷ್ಟೋ ವಾಸಿ ಇತ್ತು.

ಸ್ಪೆಲಿಂಗು ಯಾವಾಗಲೂ ಶನಿ ಅಂತಲ್ಲ ಬಿಡಿ. 2016ರ ಫೆಬ್ರವರಿಯಲ್ಲಿ ಕಳ್ಳರು ಬಾಂಗ್ಲಾದೇಶದ ಕೇಂದ್ರ ಬ್ಯಾಂಕಿನ ಹೆಸರಲ್ಲಿ ಸುಳ್ಳು ಸ್ವಿಫ್ಟ್ ಸಂದೇಶ ಕಳಿಸಿ 8.1 ಕೋಟಿ ಡಾಲರ್ ಹೊಡೆದರು. ಅದರ ಜೊತೆಗೇ ಶ್ರೀಲಂಕಾಕ್ಕೆ ಹೊರಟಿದ್ದ 2 ಕೋಟಿ ಡಾಲರ್ ಮಾತ್ರ ದಕ್ಕಲಿಲ್ಲ. 'ಫೌಂಡೇಶನ್' ಅನ್ನೋ ಪದವನ್ನು ತಪ್ಪಾಗಿ ಬರೆದಿದ್ದಕ್ಕೆ ಯಾರಿಗೋ ಅನುಮಾನ ಬಂದು ಸಿಕ್ಕಿಬಿದ್ದಿತ್ತು.

ಈಗ ಐಎಸ್‌ಒ 20022 ಅನ್ನೋ ಹೊಸ ಮಾದರಿ ಬಂದಿದೆ. ಹೆಸರಿಗೆ ಬೇರೆ ಜಾಗ, ರಸ್ತೆಗೆ ಬೇರೆ, ಊರಿಗೆ ಬೇರೆ, ದೇಶಕ್ಕೆ ಬೇರೆ. ದೇಶದಿಂದ ದೇಶಕ್ಕೆ ಹೋಗುವ ಪಾವತಿಗಳಲ್ಲಿ 2023ರ ಮಾರ್ಚ್‌ನಿಂದ ಹಳೆಯದು ಹೊಸದು ಎರಡೂ ನಡೆದವು, 2025ರ ನವೆಂಬರ್ 22ಕ್ಕೆ ಆ ಗಡುವು ಮುಗಿಯಿತು. ಒಂದು ಮಾತು ಹೇಳಲೇಬೇಕು, ನಮ್ಮ ರಿಸರ್ವ್ ಬ್ಯಾಂಕಿನ ಆರ್‌ಟಿಜಿಎಸ್ 2013ರಲ್ಲೇ ಈ ಮಾದರಿಗೆ ಬಂದಿತ್ತು. ಫ್ರಾಂಕ್‌ಫರ್ಟ್‌ನಲ್ಲಿ ಸ್ವಿಫ್ಟ್‌ನವರು ಬ್ಲಾಕ್‌ಚೈನ್ (ಒಂದೇ ಲೆಕ್ಕವನ್ನು ಹಲವರ ಕಂಪ್ಯೂಟರುಗಳಲ್ಲಿ ಒಟ್ಟಿಗೆ ಇಡುವ ತಂತ್ರ) ಮೇಲೆ ನಡೆಯುವ ಲೆಕ್ಕದ ಪುಸ್ತಕ ಮಾಡುತ್ತೇವೆ ಅಂತಲೂ ಘೋಷಿಸಿದರು. ಅದು ಕೌಂಟರ್‌ವರೆಗೆ ಬಂದ ದಿನ ನಂಬುತ್ತೇನೆ.

ನಿಮ್ಮ ವಿಷಯಕ್ಕೆ ಬಂದರೆ, ಹೋಗುವ ಆಸೆ ಸದ್ಯಕ್ಕೆ ಬಿಡಿ. ಅದು ಬ್ಯಾಂಕೇ ಖರ್ಚು ಹಾಕಿ ದೊಡ್ಡ ಅಧಿಕಾರಿಗಳನ್ನು ಕಳಿಸುವ ಜಾಗ, ಕೈಯಿಂದ ದುಡ್ಡು ಹಾಕಿ ನೋಡಿಬರುವಂಥದ್ದಲ್ಲ. ಅಲ್ಲಿನ ಭಾಷಣಗಳ ವಿಡಿಯೋ ಸಿಗುತ್ತವೆ. ಅರ್ಧಕ್ಕರ್ಧ ಬರೀ ಬಾಯಿಮಾತು, ಪಾವತಿ ಸಂದೇಶಗಳ ಬಗ್ಗೆ ಇರುವುದನ್ನು ಮಾತ್ರ ಆರಿಸಿ ನೋಡಿ. ಆಮೇಲೆ ಎಂಟಿ103 ಮತ್ತು ಅದರ ಬದಲಿಗೆ ಬಂದ ಪ್ಯಾಕ್ಸ್ 008, ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಯಾವ ಸಾಲು ಎಲ್ಲಿಗೆ ಹೋಯಿತು ಅಂತ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ನಾನು ಆ ಕೆಲಸಕ್ಕೆ ಕೂತಾಗ ಇಷ್ಟನ್ನೂ ಯಾರೂ ಹೇಳಿಕೊಟ್ಟಿರಲಿಲ್ಲ. ಬರೆಯುವಾಗ ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಇಲ್ಲೇ ಕೇಳಿ, ನೋಡಿ ಹೇಳುತ್ತೇನೆ.