ರೆಬೆ ಎರಡನೇ ಸಲ ಉತ್ತರ ಕೊಡಲಿಲ್ಲ

ಈ ಪ್ರಕರಣ ನ್ಯೂಯಾರ್ಕಿನ ಬ್ರೂಕ್ಲಿನ್‌ನದು. ಹೆಸರು, ವಯಸ್ಸು, ಮನೆಯ ವಿವರ ಎಲ್ಲ ಬದಲಿಸಿದ್ದೇನೆ. ಅವರು ಯಾವ ರೆಬೆಯ, ಅಂದರೆ ಯಾವ ಗುರುವಿನ, ಕಡೆಯವರು ಅನ್ನುವುದನ್ನೂ ಬಿಟ್ಟಿದ್ದೇನೆ. ಬರೆಯಲು ಗಂಡ ಹೆಂಡತಿ ಇಬ್ಬರೂ ಒಪ್ಪಿದ್ದಾರೆ.

ಯಾಕೋವ್ ಹಸೀದಿ ಯೆಹೂದಿ ಯುವಕ. ಹಸೀದಿಗಳು ಅಂದರೆ ಒಬ್ಬೊಬ್ಬ ರೆಬೆಯ ಸುತ್ತ ಕಟ್ಟಿಕೊಂಡ, ಕಟ್ಟಾ ಸಂಪ್ರದಾಯದ ಯೆಹೂದಿಗಳು. ಮನೆಮಾತು ಯಿಡ್ಡಿಷ್, ಇಂಗ್ಲಿಷ್ ತಡವರಿಸುತ್ತಾ ಬರುತ್ತದೆ. ಮದುವೆಯಾಗಿ ಕೆಲವು ವರ್ಷ, ಒಂದು ಮಗು. ಹೆಂಡತಿಯೇ ಮನೋಚಿಕಿತ್ಸಕಿಯಾದ ನನಗೆ ಫೋನ್ ಮಾಡಿ ಭೇಟಿಗೆ ಸಮಯ ಕೇಳಿದ್ದು. “ಬೆಳಗಿನ ಪ್ರಾರ್ಥನೆಗೆ ಹೋದವರು ಮಧ್ಯಾಹ್ನ ಬರ್ತಾರೆ. ಕೆಲಸ ಹೋಗೋ ಹಾಗಿದೆ” ಅಂದರು.

ಅವರಲ್ಲಿ ಮನೆಯವರಲ್ಲದ ಗಂಡು ಹೆಣ್ಣು ಮುಚ್ಚಿದ ಕೋಣೆಯಲ್ಲಿ ಇಬ್ಬರೇ ಇರುವಂತಿಲ್ಲ. ಹಾಗಾಗಿ ಬಾಗಿಲನ್ನು ಒಂದು ಗೇಣು ತೆರೆದಿಟ್ಟೆ. ಮಾತು ಆಚೆಗೆ ಕೇಳದ ಹಾಗೆ ಹೊರಗೆ ಗಾಳಿಯಂಥ ಸದ್ದು ಮಾಡುವ ಪುಟ್ಟ ಯಂತ್ರ ಇಟ್ಟೆ. ಅಷ್ಟಾದ ಮೇಲೆ ಅವರು ಆರಾಮಾಗಿ ಕೂತರು.

ದೇವರು ಒಬ್ಬನೇ ಎಂದು ಸಾರುವ ‘ಶೆಮಾ’ವನ್ನು ಯೆಹೂದಿಗಳು ದಿನಕ್ಕೆರಡು ಸಲ ಹೇಳುತ್ತಾರೆ. ಮೊದಲ ಸಾಲನ್ನು ಮನಸ್ಸಿಟ್ಟು ಹೇಳಬೇಕು. ಬೆಳಗಿನದ್ದನ್ನು ಹಗಲಿನ ಮೊದಲ ಕಾಲುಭಾಗದೊಳಗೆ ಮುಗಿಸಬೇಕು. ಯಾಕೋವ್‌ಗೆ ಆ ಸಾಲು ದಾಟಲಿಕ್ಕೇ ಆಗುತ್ತಿರಲಿಲ್ಲ. ಮನಸ್ಸು ಅತ್ತಿತ್ತ ಹೋಯಿತೇನೋ ಅಂತ ಮತ್ತೆ ಶುರು ಮಾಡುತ್ತಿದ್ದರು, ಮತ್ತೆ ಮತ್ತೆ. ಅಡುಗೆಮನೆಯಲ್ಲಿ ಇನ್ನೊಂದು ಕಾಟ. ಹಾಲಿನ ಚಮಚ ಮಾಂಸದ ಪಾತ್ರೆಗೆ ತಾಗಿತಾ? ಅವರಲ್ಲಿ ಹಾಲು ಮಾಂಸ ಬೆರೆಯುವಂತಿಲ್ಲ, ಪಾತ್ರೆಗಳೂ ಬೇರೆ. ಆದರೆ ಧರ್ಮಶಾಸ್ತ್ರ ಇದಕ್ಕೆ ದಾರಿಯನ್ನೂ ಇಟ್ಟಿದೆ. ತಿಳಿಯದೆ ಒಂದು ಹನಿ ಬಿದ್ದರೆ, ಪಾತ್ರೆಯಲ್ಲಿರುವುದು ಅದರ 60 ಪಟ್ಟು ಇದ್ದರೆ, ತೊಂದರೆಯಿಲ್ಲ. ಯಾಕೋವ್‌ಗೆ ಈ ನಿಯಮ ಬಾಯಿಪಾಠ. ಆದರೂ ಅದೇ ಚಮಚ ಹಿಡಿದುಕೊಂಡು ಒಬ್ಬ ದಯಾನ್ ಆದ ಮೇಲೆ ಇನ್ನೊಬ್ಬರ ಹತ್ತಿರ ಹೋಗಿದ್ದರು. ದಯಾನ್ ಅಂದರೆ ಶಾಸ್ತ್ರದ ತೀರ್ಪು ಕೊಡುವವರು.

ಯಾರ ಮಾತಿಗೂ ನೆಮ್ಮದಿ ಸಿಗದೆ ರೆಬೆಯ ಹತ್ತಿರ ಹೋದರು. ಹಸೀದಿಗಳಿಗೆ ರೆಬೆ ಬರೀ ಪಂಡಿತರಲ್ಲ. ಮದುವೆ, ವ್ಯಾಪಾರ, ಕಾಯಿಲೆ, ಮಗುವಿನ ಹೆಸರು, ಎಲ್ಲಕ್ಕೂ ಅವರ ಸಲಹೆ ಬೇಕು, ಆಶೀರ್ವಾದ ಬೇಕು. ಭೇಟಿ ಸಿಗುವುದು ಹೆಚ್ಚಾಗಿ ರಾತ್ರಿ ಹೊತ್ತು. ಹೊರಗಿನ ಕೋಣೆಯಲ್ಲಿ ಸಾಲು, ಬಾಗಿಲಲ್ಲಿ ರೆಬೆಯ ಸಹಾಯಕ ಗಬ್ಬಾಯಿ. ಕೈಯಲ್ಲಿ ‘ಕ್ವಿಟೆಲ್’ ಅನ್ನುವ ಚೀಟಿ. ಅದರಲ್ಲಿ ತನ್ನ ಹೆಸರು, ತಾಯಿಯ ಹೆಸರು, ಮನೆಯವರ ಹೆಸರು, ಕೆಳಗೆ ಕೋರಿಕೆ. ಜೊತೆಗೆ ಒಂದಿಷ್ಟು ಕಾಣಿಕೆ. ಒಳಗೆ ಸಿಗುವುದು ಕೆಲವೇ ನಿಮಿಷ.

ರೆಬೆ ಚೀಟಿ ಓದಿ “ಎಲ್ಲ ಸರಿಯಾಗಿದೆ, ಹೋಗು” ಅಂದರು. ಯಾಕೋವ್‌ಗೆ ಹಗುರವಾಯಿತು. ಮೂಲೆ ತಿರುಗುವಷ್ಟರಲ್ಲಿ ಹೊಸ ಸಂಶಯ. ಪಾತ್ರೆ ಬಿಸಿಯಿತ್ತು ಅಂತ ಹೇಳಿದೆನಾ? ತಣ್ಣಗಿತ್ತು ಅಂದುಕೊಂಡು ರೆಬೆ ಉತ್ತರ ಕೊಟ್ಟಿದ್ದರೆ? ಬಿಸಿ ತಣ್ಣಗಿನ ಮೇಲೆ ತೀರ್ಪು ಬದಲಾಗುವುದು ನಿಜವೇ. ವಾಪಸ್ ಹೋಗಿ ಸಾಲಿನಲ್ಲಿ ನಿಂತರು.

ಇದನ್ನು ಕೇಳಿದಾಗ ನನಗೆ ಕಾಯಿಲೆಯ ಗುರುತು ಸಿಕ್ಕಿತು. ಭಕ್ತಿಗೆ ಒಂದು ಉತ್ತರ ಸಾಕಾಗುತ್ತದೆ. ಗೀಳಿಗೆ ಸಾಕಾಗುವುದಿಲ್ಲ. ನಮ್ಮಲ್ಲಿ ಮಡಿ ಮೈಲಿಗೆಯ ಹೆಸರಲ್ಲಿ ದಿನವಿಡೀ ಬಚ್ಚಲಲ್ಲೇ ಕಳೆಯುವವರನ್ನು ನೋಡಿದ್ದೀರಲ್ವಾ, ಅದೇ ಜಾತಿಯ ಸಂಕಟ. ಓಸಿಡಿ ಅಂತ ಕರೆಯುವ ಗೀಳು ಕಾಯಿಲೆ ಮನುಷ್ಯ ಯಾವುದನ್ನು ಜಾಸ್ತಿ ಪ್ರೀತಿಸುತ್ತಾನೋ ಅದನ್ನೇ ಹಿಡಿದುಕೊಳ್ಳುತ್ತದೆ. ಸಮಾಧಾನ ಹೇಳಿದಷ್ಟೂ ಕೇಳುವ ಹಂಬಲ ಬೆಳೆಯುತ್ತದೆ. ಸಂಶಯ ಬಂದಾಗ ಮತ್ತೆ ಹೇಳದೆ, ಮತ್ತೆ ಕೇಳದೆ, ಆ ಕಳವಳದ ಜೊತೆ ಇರುವುದನ್ನು ಸ್ವಲ್ಪ ಸ್ವಲ್ಪವೇ ಅಭ್ಯಾಸ ಮಾಡಿಸುವುದು ಇದರ ಚಿಕಿತ್ಸೆ. ಬೇಕಾದರೆ ಮನೋವೈದ್ಯರ ಮಾತ್ರೆ.

ಯಾಕೋವ್ ಒಪ್ಪಲಿಲ್ಲ. “ಪಾಪ ಮಾಡು ಅಂತೀರಾ?” ಅಂದರು. ಅದು ನ್ಯಾಯವಾದ ಪ್ರಶ್ನೆ. ಧರ್ಮದ ಗೆರೆ ಎಲ್ಲಿ ಅಂತ ಹೇಳುವ ಹಕ್ಕು ನನಗಿಲ್ಲ. ಅವರ ಲಿಖಿತ ಒಪ್ಪಿಗೆ ಪಡೆದು ಗಬ್ಬಾಯಿಗೆ ಫೋನ್ ಮಾಡಿದೆ. ಅವರು ಮೊದಲು ಕೇಳಿದ್ದು, “ಹುಡುಗನನ್ನು ನಮ್ಮಿಂದ ದೂರ ಮಾಡ್ತೀರಾ?” ಇಲ್ಲ, ಒಂದು ಸಲ ನೆಮ್ಮದಿಯಾಗಿ ಪ್ರಾರ್ಥನೆ ಮಾಡೋ ಹಾಗೆ ಆಗಬೇಕು, ಅಷ್ಟೇ ಅಂದೆ. ರೆಬೆಗೆ ಒಂದು ಪುಟದ ಪತ್ರ ಬರೆದೆ. ಯಾಕೋವ್‌ಗೆ ಒಬ್ಬರೇ ದಯಾನ್ ಇರಲಿ. ಒಂದು ಪ್ರಶ್ನೆಗೆ ಒಂದೇ ಉತ್ತರ. ಅದೇ ಪ್ರಶ್ನೆ ಮತ್ತೆ ತಂದರೆ ‘ಏನೂ ಆಗಲ್ಲ’ ಅಂತಲೂ ಹೇಳಬೇಡಿ.

ರೆಬೆ ಕರೆಸಿ, “ಶೆಮಾ ಒಂದೇ ಸಲ ಹೇಳು. ತಪ್ಪಾದರೆ ಆ ಪಾಪ ನನ್ನ ಲೆಕ್ಕಕ್ಕೆ” ಅಂದರಂತೆ. ಎಂಥ ದೊಡ್ಡ ಮಾತು! ಆದರೆ ನನಗೆ ದಿಗಿಲಾಯಿತು. ಹೊಣೆಯನ್ನು ಬೇರೆಯವರ ಹೆಗಲಿಗೆ ದಾಟಿಸುವುದೂ ಒಂದು ಬಗೆಯ ಸಮಾಧಾನವೇ. ಆದದ್ದೂ ಹಾಗೇ. ಸ್ವಲ್ಪ ದಿನ ಚೆನ್ನಾಗಿತ್ತು, ಆಮೇಲೆ ‘ನನ್ನ ಪಾಪ ಎಷ್ಟು ದೊಡ್ಡದು ಅಂತ ರೆಬೆಗೆ ಗೊತ್ತಿತ್ತಾ?’ ಶುರುವಾಯಿತು.

ಅಷ್ಟು ಹೊತ್ತಿಗೆ ನಾನು ಹಸೀದಿ ಗುರುಗಳ ಬಗ್ಗೆ ಓದತೊಡಗಿದ್ದೆ. ಬ್ರೆಸ್ಲೋವ್‌ನ ರೆಬೆ ನಖ್ಮಾನ್ (1772–1810) ಇಂಥದ್ದೇ ಸುಳಿಯಲ್ಲಿ ಸಿಕ್ಕಿದ್ದರು. ಹುಳಿ ಬಂದ ಹಿಟ್ಟನ್ನು ಪೂರ್ತಿ ದೂರವಿಡುವ ಪೆಸಾಖ್ ಹಬ್ಬಕ್ಕೆ ಯಾವ ನೀರು ಪೂರ್ತಿ ಶುದ್ಧ ಅಂತ ಯೋಚಿಸಿ ಯೋಚಿಸಿ ಸೋತು, ಕೊನೆಗೆ ಅತಿಯಾದ ಕಟ್ಟುನಿಟ್ಟು ಬೇಡ, ಧರ್ಮಶಾಸ್ತ್ರ ಕೊಟ್ಟಿರುವುದು ದೇವದೂತರಿಗಲ್ಲ ಅನ್ನುವ, ಯೆಹೂದಿಗಳ ಹಳೆಯ ಶಾಸ್ತ್ರಗ್ರಂಥ ತಾಲ್ಮುದ್‌ನ ಮಾತಿಗೆ ಬಂದು ನಿಂತರು. ಖಬಾದ್ ಪಂಥ ಕಟ್ಟಿದ ಶ್ನೇಯೂರ್ ಝಲ್ಮಾನ್ ಇನ್ನೂ ನೇರ. ಲೋಕದ ವ್ಯವಹಾರಕ್ಕೆಲ್ಲ ಸಲಹೆ ಕೇಳಿ ಬರುವ ಪದ್ಧತಿ ಹಿಂದಿನ ಜ್ಞಾನಿಗಳ ಕಾಲದಲ್ಲೂ ಇರಲಿಲ್ಲ, ಅಂಥದ್ದನ್ನು ಕೇಳುತ್ತಿದ್ದದ್ದು ಪ್ರವಾದಿಗಳನ್ನು ಮಾತ್ರ, ಬೈಬಲ್ಲಿನ ಸೌಲ ಕಳೆದ ಕತ್ತೆಗಳಿಗಾಗಿ ಹೋದದ್ದು ಪ್ರವಾದಿ ಸಮುವೇಲನ ಹತ್ತಿರ ಅಂತ ಶಿಷ್ಯರಿಗೆ ಪತ್ರ ಬರೆದರು. ಇವೆರಡನ್ನೂ ಯಾಕೋವ್ ಮುಂದೆ ಇಟ್ಟೆ. ಅವರಿಗೆ ಗೊತ್ತಿದ್ದದ್ದೇ. ಆದರೆ ತನ್ನ ವಿಷಯಕ್ಕೆ ಹೊಂದಿಸಿ ನೋಡಿರಲಿಲ್ಲ.

ನಾನು ಕೊಟ್ಟ ಮುಖ್ಯ ಸಲಹೆ ಇದು. ಮುಂದಿನ ಕ್ವಿಟೆಲ್ ನೀವೇ ಬರೆಯಿರಿ, ಗಬ್ಬಾಯಿ ಕೈಲಿ ಬರೆಸಬೇಡಿ. ‘ನಾನು ಮಾಡಿದ್ದು ಸರಿಯಾ’ ಅಂತ ಬರೆಯಬೇಡಿ. ನಿಜವಾಗಿ ಏನು ಬೇಕೋ ಅದನ್ನು ಬರೆಯಿರಿ. ಅವರು ನನ್ನ ಮೇಜಿನ ಮೇಲೆ ಕಾಗದ ಇಟ್ಟುಕೊಂಡು ಬಹಳ ಹೊತ್ತು ಕೂತರು. ಮೂರು ಸಲ ಹೊಡೆದುಹಾಕಿದರು. ಕೊನೆಗೆ ಉಳಿದದ್ದು: ‘ಸಂಶಯ ಇದ್ದರೂ ಮುಂದೆ ಹೋಗುವ ಶಕ್ತಿ ಕೊಡಿ. ಹೆಂಡತಿಯ ಮನಸ್ಸಿಗೆ ನೆಮ್ಮದಿ.’

ಒಳಗೆ ಹೋದಾಗ ಹಳೇ ಪ್ರಶ್ನೆಯೂ ಬಾಯಿಗೆ ಬಂತಂತೆ. ರೆಬೆ ಅದಕ್ಕೆ ಉತ್ತರ ಕೊಡಲಿಲ್ಲ. ಸುಮ್ಮನೆ ನೋಡಿದರು. ಆಮೇಲೆ ಚೀಟಿಗೆ ಆಶೀರ್ವಾದ ಮಾಡಿ, “ಮನೆಗೆ ಹೋಗಿ ಹೆಂಡತಿ ಜೊತೆ ಊಟ ಮಾಡು” ಅಂದರು. ಅಷ್ಟು ಪ್ರೀತಿಸುವ ಶಿಷ್ಯನಿಗೆ ಉತ್ತರ ಕೊಡದೇ ಇರುವುದು ಅವರಿಗೂ ಸುಲಭ ಆಗಿರಲಿಕ್ಕಿಲ್ಲ. ನನ್ನ ದೃಷ್ಟಿಯಲ್ಲಿ ಚಿಕಿತ್ಸೆ ತಿರುವು ತೆಗೆದುಕೊಂಡಿದ್ದು ಆ ರಾತ್ರಿ.

ಹೆಂಡತಿಗೂ ಒಂದು ವಾಕ್ಯ ಕಲಿಸಿದೆ: “ಇದು ಕಾಯಿಲೆ ಕೇಳ್ತಿರೋ ಪ್ರಶ್ನೆ, ನಿಮಗೆ ಉತ್ತರ ಗೊತ್ತು.” ಕೋಪ ಬೇಡ, ವಾದ ಬೇಡ. ನಿಮ್ಮ ಮನೆಯಲ್ಲೂ ಇಂಥವರಿದ್ದರೆ ಇದೇ ಮಾತು. ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ಓಸಿಡಿ ಕ್ಲಿನಿಕ್ ಇದೆ. ಗುರುಗಳನ್ನು ಬಿಡಿಸಬೇಡಿ, ಅವರನ್ನೂ ಜೊತೆಗೆ ಸೇರಿಸಿಕೊಳ್ಳಿ.

ಈಗ ಬೆಳಗಿನ ಪ್ರಾರ್ಥನೆ ಎಲ್ಲರ ಜೊತೆಯೇ ಮುಗಿಯುತ್ತದೆ. ಪೆಸಾಖ್ ಹತ್ತಿರ ಬಂದಿದೆ, ಅದು ಕಠಿಣ ಕಾಲ. ಹುಳಿ ಬಂದ ಹಿಟ್ಟಿಗೆ ಆ ಹಬ್ಬದಲ್ಲಿ 60 ಪಟ್ಟಿನ ವಿನಾಯಿತಿ ಇಲ್ಲ, ಚೂರು ಕೂಡ ಇರಬಾರದು. ಹಾಗಾಗಿ ಮೊದಲೇ ಬರೆದಿಟ್ಟಿದ್ದೇವೆ: ಮನೆ ಶುಚಿ ಮಾಡುವ ಪಟ್ಟಿ ದಯಾನ್ ಕೊಟ್ಟದ್ದೇ ಇರಲಿ, ಹೆಂಡತಿ ಗುರುತು ಹಾಕಿದ ಕೋಣೆಯನ್ನು ಮತ್ತೆ ನೋಡಬಾರದು, ಮಾತ್ರೆಯಲ್ಲಿ ಪಿಷ್ಟ ಇದೆ ಅಂತ ಬಿಡಬಾರದು. ಮಾತ್ರೆಗೆ ದಯಾನ್ ಒಪ್ಪಿಗೆ ಕೊಟ್ಟಿದ್ದಾರೆ, ಒಂದೇ ಸಲ. ಮುಂದಿನ ಭೇಟಿ ಹಬ್ಬದ ಮರುವಾರ.